ಕ್ರ್ಯಾಂಕಿನ ಅಳತೆ ತೆಗೆಯುವ ಮೊದಲು ತೀರ್ಮಾನ ಬೇಡ

ಅರಬೈಲ್ ಘಟ್ಟ ಹತ್ತುವಾಗ ಹಳೆಯ ಕಾರಿನ ಎಂಜಿನ್ನಿನ ತಳದಿಂದ ಭಾರವಾದ ಬಡಿತದ ಸದ್ದು ಕೇಳಿಸಿ, ಗಾಡಿ ನಿಲ್ಲಿಸಿದಾಗ ಆಯಿಲ್ ದೀಪ ಮಿನುಗಿದರೆ, ಅಂಕೋಲೆಯ ಗ್ಯಾರೇಜಾಗಲಿ ಕಾರವಾರದ್ದಾಗಲಿ, ಮೊದಲ ಅನುಮಾನ ಬೇರಿಂಗಿನ ಮೇಲೆಯೇ. ಆಮೇಲೆ ರಿಪೇರಿಯೋ, ಬೇರೆ ಎಂಜಿನ್ನೋ, ಗುಜರಿಯೋ ಎಂಬ ಚರ್ಚೆ ಕಾರಿನ ವಯಸ್ಸು, ಓಡಿದ ಕಿಲೋಮೀಟರುಗಳ ಸುತ್ತ ಸುತ್ತುತ್ತದೆ. ಆದರೆ ಖರ್ಚನ್ನು ನಿಜವಾಗಿ ನಿರ್ಧರಿಸುವುದು ಕ್ರ್ಯಾಂಕ್ ಶಾಫ್ಟಿನ ಸ್ಥಿತಿ. ಸದ್ದು ಬಂದ ಮೇಲೂ ಗಾಡಿ ಎಷ್ಟು ದೂರ ಓಡಿತು ಎಂಬುದರ ಮೇಲೆ ಆ ಸ್ಥಿತಿ ನಿಂತಿದೆ.

ಎಂಜಿನ್ನಿನ ಈ ಬೇರಿಂಗ್ ಚಕ್ರದ ಬೇರಿಂಗಿನ ಹಾಗೆ ಗುಂಡುಗಳಿರುವಂಥದ್ದಲ್ಲ. ಕ್ರ್ಯಾಂಕನ್ನು ಸುತ್ತುವರಿದ, ಒಳಮೈಗೆ ಮೃದು ಲೋಹ ಲೇಪಿಸಿದ ಎರಡು ಅರೆವೃತ್ತದ ಚಿಪ್ಪುಗಳು. 50 ಮಿಲಿಮೀಟರ್ ವ್ಯಾಸದ ಕ್ರ್ಯಾಂಕಿಗೆ ಸುಮಾರು 0.05 ಮಿಲಿಮೀಟರ್ ಸಂದು. 1883ರಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ಇಂಥ ಬೇರಿಂಗಿನ ಮೇಲ್ಭಾಗಕ್ಕೆ ತೂತು ಕೊರೆದಾಗ, ಒಳಗಿನ ಎಣ್ಣೆಯ ಒತ್ತಡವೇ ಆ ತೂತಿಗೆ ಹಾಕಿದ ಬಿರಡೆಯನ್ನು ಹೊರದಬ್ಬಿತು. ತಿರುಗುವ ದಂಡ ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು ಅದರ ಮೇಲೆ ತೇಲುತ್ತದೆ ಎಂದು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದಿಂದ ವಿವರಿಸಿದ. ಇಂಥ ಕಿರಿದಾದ ಸಂದಿನಿಂದ ಹೊರಹೋಗುವ ಎಣ್ಣೆಯ ಪ್ರಮಾಣ ಸಂದಿನ ಘನಕ್ಕೆ ಅನುಗುಣ: ಸಂದು ಇಮ್ಮಡಿಯಾದರೆ ಸೋರಿಕೆ ಸುಮಾರು ಎಂಟು ಪಟ್ಟು. ಸವೆದ ಒಂದು ಬೇರಿಂಗ್ ಉಳಿದವುಗಳ ಪಾಲಿನ ಒತ್ತಡವನ್ನೂ ಕಳೆಯುವುದು ಹೀಗೆ. ಕಡಿಮೆ ವೇಗ, ಹೆಚ್ಚು ಭಾರ ಸೇರಿದರೆ ಎಣ್ಣೆಯ ಪದರ ಮತ್ತೂ ತೆಳುವಾಗುತ್ತದೆ. ಘಟ್ಟದಲ್ಲಿ ಗೇರ್ ಇಳಿಸದೆ ಎಂಜಿನ್ನನ್ನು ಏದುಸಿರು ಬಿಡಿಸುವುದು ತಪ್ಪಾಗುವುದು ಇದಕ್ಕೇ. 2019ರ ಆಗಸ್ಟಿನಲ್ಲಿ ಗಂಗಾವಳಿ ನದಿ ಉಕ್ಕಿದಂಥ ನೆರೆಯಲ್ಲಿ ಎಂಜಿನ್ನಿಗೆ ನುಗ್ಗಿದ ನೀರು ಎಣ್ಣೆಯಲ್ಲಿ ಬೆರೆತರೂ ಪದರ ದುರ್ಬಲವಾಗುತ್ತದೆ.

ಚಿಪ್ಪನ್ನು ಮೆತ್ತಗೆ ಮಾಡಿರುವುದೇ ಕ್ರ್ಯಾಂಕಿಗಿಂತ ಮೊದಲು ಅದು ಸವೆಯಲಿ ಎಂದು. ಹಾಗಾಗಿ ಸದ್ದು ಬಂದೊಡನೆ ನಿಲ್ಲಿಸಿ ಎಳೆಸಿಕೊಂಡು ಹೋದ ಗಾಡಿಯಲ್ಲಿ ಕ್ರ್ಯಾಂಕ್ ಉಳಿದಿರುವ ಸಾಧ್ಯತೆ ಹೆಚ್ಚು. ಅನೇಕ ಕಾರುಗಳಲ್ಲಿ ಆಯಿಲ್ ಚೇಂಬರ್ ಬಿಚ್ಚಿ ಕನೆಕ್ಟಿಂಗ್ ರಾಡಿನ ಚಿಪ್ಪುಗಳನ್ನು ಕೆಳಗಿನಿಂದಲೇ ನೋಡಬಹುದು. ಮೈಕ್ರೋಮೀಟರಿನ ಅಳತೆ ಸರಿಯಿದ್ದರೆ ಹೊಸ ಚಿಪ್ಪು ಸಾಕು. ಗೀರು ಬಿದ್ದಿದ್ದರೆ, ತಯಾರಕರು ಅವಕಾಶ ಕೊಟ್ಟಿರುವ ಎಂಜಿನ್ನುಗಳಲ್ಲಿ, ಕ್ರ್ಯಾಂಕನ್ನು 0.25 ಮಿಲಿಮೀಟರ್ ಗ್ರೈಂಡ್ ಮಾಡಿಸಿ ಅದಕ್ಕೊಪ್ಪುವ ಚಿಪ್ಪು ಹಾಕಬಹುದು. ಕ್ರ್ಯಾಂಕ್ ಕಾದು ನೀಲಿಯಾಗಿ ಬಿರುಕು ಬಿಟ್ಟಿದ್ದರೆ, ಅಥವಾ ರಾಡ್ ಮುರಿದು ಬ್ಲಾಕ್ ಒಡೆದಿದ್ದರೆ, ರಿಪೇರಿಯ ಲೆಕ್ಕ ಅಲ್ಲಿಗೆ ಬದಲಾಗುತ್ತದೆ.

ದಪ್ಪ ಎಣ್ಣೆ ಹಾಕಿದರೆ ಸದ್ದು ಅಡಗುವುದಿಲ್ಲವೇ? ಸ್ವಲ್ಪ ಅಡಗಬಹುದು. ಆದರೆ ಸ್ನಿಗ್ಧತೆ ಸೋರಿಕೆಯನ್ನು ತಗ್ಗಿಸುವುದು ವಿಲೋಮ ಅನುಪಾತದಲ್ಲಿ, ಸಂದು ಹೆಚ್ಚಿಸುವುದು ಘನದಲ್ಲಿ. ಇಮ್ಮಡಿಯಾದ ಸಂದನ್ನು ಸರಿದೂಗಿಸಲು ಎಂಟು ಪಟ್ಟು ದಪ್ಪನೆಯ ಎಣ್ಣೆ ಬೇಕು. ಅದು ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಬೇಗ ಹರಿಯಲೂ ಆರದು. ಸೆಕೆಂಡ್ ಹ್ಯಾಂಡ್ ಎಂಜಿನ್ ಅಗ್ಗವಲ್ಲವೇ ಎಂದರೆ, ಅದರ ಬೇರಿಂಗುಗಳ ಚರಿತ್ರೆ ನಮಗೆ ಗೊತ್ತಿರುವುದಿಲ್ಲ; ಆರ್‌ಟಿಒದಲ್ಲಿ ಎಂಜಿನ್ ನಂಬರನ್ನೂ ಬದಲಿಸಬೇಕು. ಕಾರಿನ ಬೆಲೆಗಿಂತ ರಿಪೇರಿಯೇ ದುಬಾರಿ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಕಡಲ ಉಪ್ಪುಗಾಳಿಯ ಈ ಊರುಗಳಲ್ಲಿ ಷಾಸಿಯನ್ನು ತುಕ್ಕು ತಿಂದಿದ್ದರೆ ಒಳ್ಳೆಯ ಎಂಜಿನ್ನಿಗೂ ಹಣ ಹಾಕುವುದು ವ್ಯರ್ಥ. ಷಾಸಿ ಗಟ್ಟಿಯಿದ್ದು, ಕ್ರ್ಯಾಂಕ್ ಅಳತೆಯಲ್ಲಿ ಪಾಸಾಗಿ, ಬೇರಿಂಗ್ ಹೋದ ಕಾರಣವೂ ಸಿಕ್ಕಿದ್ದರೆ ರಿಪೇರಿಯೇ ಸರಿ. ಕಾರಣ ಹುಡುಕದೆ, ಎಣ್ಣೆಯ ದಾರಿಗಳಲ್ಲಿ ಸಿಕ್ಕಿಕೊಂಡ ಲೋಹದ ಪುಡಿ ತೊಳೆಯದೆ ಹಾಕಿದ ಹೊಸ ಚಿಪ್ಪೂ ಬೇಗನೆ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.