ರಾಣಿ ಛಾಪಿನ ರೂಪಾಯಿಗೆ ಹುಣಸೆಹಣ್ಣು ಬೇಡ

ದೀಪಾವಳಿ ಬಂತೆಂದರೆ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಲ್ಲಿ, ರಾಣೆಬೆನ್ನೂರಿನ ಪೇಟೆಯಲ್ಲಿ, ಹಾವೇರಿಯ ಹಳೆಯ ಮನೆಗಳ ದೇವರ ಜಗಲಿಯ ಮೇಲೆ ಲಕ್ಷ್ಮೀಪೂಜೆಗೆಂದು ಬೆಳ್ಳಿ ರೂಪಾಯಿ ಹೊರಬರುತ್ತದೆ. ಹಿಂದಿನ ದಿನ ಅದಕ್ಕೆ ಹುಣಸೆಹಣ್ಣು, ವಿಭೂತಿ ಇಲ್ಲವೇ ಪಾತ್ರೆ ತಿಕ್ಕುವ ಪುಡಿಯಿಂದ ಸ್ನಾನವಾಗಿರುತ್ತದೆ. ಲಕ್ಷ್ಮಿಗೆ ಇದರಿಂದ ಬೇಸರವೇನಿಲ್ಲ. ಆದರೆ ತಿಕ್ಕಿದ ಪ್ರತಿ ಸಲವೂ ನಾಣ್ಯದ ಬೆಲೆ ಇಳಿಯುತ್ತದೆ. ಯಾಕೆಂದು ತಿಳಿಯಲು ನಾಣ್ಯದ ಮೈಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೊದಲು, ಅದು ಯಾವ ನಾಣ್ಯ? ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ಈ ಸೀಮೆ ಧಾರವಾಡ ಜಿಲ್ಲೆಯ ಭಾಗ. 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹಾಗಾಗಿ ಇಲ್ಲಿನ ಟ್ರಂಕು, ಟಿಜೋರಿಗಳಲ್ಲಿ ಸಿಗುವ ಬೆಳ್ಳಿ ರೂಪಾಯಿ ಬಹುಮಟ್ಟಿಗೆ ಬ್ರಿಟಿಷ್ ಇಂಡಿಯಾದ್ದು. ವಿಕ್ಟೋರಿಯಾ ಇದ್ದರೆ ರಾಣಿ ಛಾಪು, ಎಡ್ವರ್ಡ್ ಅಥವಾ ಜಾರ್ಜ್ ಇದ್ದರೆ ರಾಜಾ ಛಾಪು.

1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಪ್ರಾಂತ್ಯಗಳಿಗೆಲ್ಲ ಒಂದೇ ರೂಪಾಯಿಯನ್ನು ತಂದಾಗ ಅದರ ತೂಕವನ್ನು ಒಂದು ತೊಲಿಗೆ ಸರಿಹೊಂದಿಸಿತು. ಅಂದರೆ 11.66 ಗ್ರಾಂ. ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಲೆಕ್ಕ ಹಾಕಿದರೆ ಒಂದು ರೂಪಾಯಿಯಲ್ಲಿ ಸುಮಾರು 10.69 ಗ್ರಾಂ ಅಪ್ಪಟ ಬೆಳ್ಳಿ. 1940ರಿಂದ, ಯುದ್ಧದ ಕಾಲದಲ್ಲಿ, ಬೆಳ್ಳಿ ಅರ್ಧಕ್ಕೆ ಇಳಿಯಿತು. ತಾಮ್ರ, ನಿಕ್ಕಲ್, ಸತು ಸೇರಿಕೊಂಡವು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರಾ ನಿಕ್ಕಲ್. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ, ಬೆಳ್ಳಿಯದು ಅಂಟುವುದಿಲ್ಲ. ಕೊಪ್ಪಳ ಕಡೆಯ ನಂಟಸ್ತನದಿಂದ ಚಾರ್‌ಮಿನಾರ್ ಚಿತ್ರದ ನಿಜಾಮನ ಹಾಲಿ ಸಿಕ್ಕಾ ಬಂದಿದ್ದರೆ ಅದರ ತೂಕ 11.18 ಗ್ರಾಂ. ತೂಕ ಕಡಿಮೆಯೆಂದು ಅದನ್ನು ಖೋಟಾ ಎನ್ನುವ ಹಾಗಿಲ್ಲ.

ಅಸಲಿಯೋ ನಕಲಿಯೋ ನೋಡಲು ಒರೆಗಲ್ಲಿಗೆ ಉಜ್ಜಬೇಕಾಗಿಲ್ಲ. ಪತ್ತಾರರ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮತ್ತು ಒಂದು ಲೋಟ ನೀರು ಸಾಕು. ಮೊದಲು ನಾಣ್ಯ ತೂಗಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ನೂಲಿಗೆ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಡಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಒಳ್ಳೆಯ ರೂಪಾಯಿಗೆ ಅದು ಸುಮಾರು 1.13 ಗ್ರಾಂ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ 10.3ರ ಆಸುಪಾಸು ಬರಬೇಕು. ಜರ್ಮನ್ ಸಿಲ್ವರ್‌ನ ನಕಲಿಗೆ 9ಕ್ಕಿಂತ ಕಡಿಮೆ ಬರುತ್ತದೆ. ಆರ್ಕಿಮಿಡೀಸನ ಈ ಉಪಾಯದಿಂದ ನಾಣ್ಯದ ಮೇಲೆ ಒಂದು ಗೀರೂ ಬೀಳುವುದಿಲ್ಲ.

ಈಗ ಮೈಯ ವಿಷಯ. ಬೆಳ್ಳಿ ಕಪ್ಪಾಗುವುದು ಕೊಳೆಯಿಂದಲ್ಲ, ಗಂಧಕದಿಂದ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್, ಉಣ್ಣೆ ಬಟ್ಟೆ, ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್, ಮೊಟ್ಟೆ, ಎಲ್ಲವೂ ಗಂಧಕ ಕೊಡುತ್ತವೆ. ಅದು ಬೆಳ್ಳಿಯೊಡನೆ ಕೂಡಿ ಸಿಲ್ವರ್ ಸಲ್ಫೈಡ್‌ನ ತೆಳು ಪೊರೆಯಾಗುತ್ತದೆ. ಪೊರೆ ಕೆಲವೇ ಹತ್ತು ನ್ಯಾನೋಮೀಟರ್ ದಪ್ಪವಿದ್ದಾಗ ಬೆಳಕಿನ ಅಲೆಗಳು ಅದರ ಮೇಲ್ಮೈ ಮತ್ತು ತಳ ಎರಡರಿಂದಲೂ ಮರಳಿ ಒಂದಕ್ಕೊಂದು ಬೆರೆತು ಬಣ್ಣ ಹುಟ್ಟುತ್ತದೆ. ಮೊದಲು ಹಳದಿ, ಆಮೇಲೆ ಕೆಂಗಂದು, ನೀಲಿ, ಕೊನೆಗೆ ಕಪ್ಪು. ದಶಕಗಳ ಕಾಲ ತಾನಾಗಿ ಕೂತ ಈ ಬಣ್ಣಕ್ಕೆ ಸಂಗ್ರಾಹಕರು ಹೆಚ್ಚಿನ ದುಡ್ಡು ಕೊಡುವುದುಂಟು.

ಪೊರೆಯ ಕೆಳಗೆ ಇನ್ನೊಂದು ಆಸ್ತಿಯಿದೆ. ಟಂಕಸಾಲೆಯಲ್ಲಿ ಅಚ್ಚು ಬಡಿದಾಗ ಲೋಹ ನಡುವಿನಿಂದ ಅಂಚಿನತ್ತ ಹರಿದು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಚಲಾವಣೆಯಾಗದ ನಾಣ್ಯವನ್ನು ದೀಪದಡಿ ಓರೆಯಾಗಿ ತಿರುಗಿಸಿದರೆ ಬೆಳಕಿನ ಪಟ್ಟಿಯೊಂದು ಸುತ್ತುವುದು ಈ ಗೆರೆಗಳಿಂದ. ಬೆಳ್ಳಿ ಮೆತ್ತನೆಯ ಲೋಹ, ಗಡಸುತನದ ಮಾಪಕದಲ್ಲಿ ಮೂರಕ್ಕಿಂತ ಕೆಳಗೆ. ಇಟ್ಟಿಗೆ ಪುಡಿ, ಬೂದಿಯಲ್ಲಿರುವ ಸಿಲಿಕಾದ್ದು ಏಳು. ಒಮ್ಮೆ ತಿಕ್ಕಿದರೆ ಗೆರೆಗಳು ಹೋದವು. ಮುಂದೆ ರಾಣಿಯ ಕೂದಲು, ಕೆನ್ನೆ, ಕಿರೀಟದಂಥ ಎತ್ತರದ ಭಾಗಗಳು ಸವೆಯುತ್ತವೆ. ನಾಣ್ಯದ ದರ್ಜೆ ಕಟ್ಟುವವರು ಮೊದಲು ನೋಡುವುದು ಅದೇ ಜಾಗಗಳನ್ನು. ಬ್ಯಾಡಗಿ ಮಾರುಕಟ್ಟೆಯಲ್ಲಿ ಬಣ್ಣ ಹಾರಿದ ಮೆಣಸಿನಕಾಯಿಗೆ ಯಾವ ದರ ಸಿಗುತ್ತದೋ ತಿಕ್ಕಿದ ನಾಣ್ಯಕ್ಕೂ ಅಂಥದೇ ದರ.

ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ, ಸಿಲ್ವರ್ ಸಲ್ಫೈಡನ್ನಲ್ಲ. ಬೆಳ್ಳಿ ರೂಪಾಯಿ ಬೆಳ್ಳಗಾಗುವುದು ಜೊತೆಗೆ ಹಾಕಿದ ಬೂದಿಯ ಉಜ್ಜಾಟದಿಂದ. ತಾಮ್ರದ ಕಾಸಿಗೆ ಹುಣಸೆಹಣ್ಣು ಇನ್ನೂ ಕೇಡು: ನೂರು ವರ್ಷ ಲೋಹವನ್ನು ಕಾಪಾಡಿದ ಕಂದು ಪೊರೆ ಕಿತ್ತುಹೋಗಿ ಗುಲಾಬಿ ಬಣ್ಣದ ಬೆತ್ತಲೆ ತಾಮ್ರ ಹೊರಬಿದ್ದು, ಕೆಲವೇ ವಾರಗಳಲ್ಲಿ ಮಚ್ಚೆಮಚ್ಚೆಯಾಗುತ್ತದೆ. ಅಲ್ಯುಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ವಿಧಾನ ರಸಾಯನಶಾಸ್ತ್ರದ ಮಟ್ಟಿಗೆ ಜಾಣತನದ್ದು. ಗಂಧಕ ಅಲ್ಯುಮಿನಿಯಂಗೆ ಹೋಗಿ ಬೆಳ್ಳಿ ಬೆಳ್ಳಿಯಾಗಿ ಉಳಿಯುತ್ತದೆ. ಚಮಚ, ಕುಂಕುಮ ಬಟ್ಟಲಿಗೆ ಧಾರಾಳವಾಗಿ ಮಾಡಿ. ನಾಣ್ಯಕ್ಕೆ ಬೇಡ, ಅದರ ಮೈ ಸುಣ್ಣ ಬಳಿದಂತೆ ಮಂಕಾಗುತ್ತದೆ.

ಹಾಗಾದರೆ ಏನು ಮಾಡಬಹುದು? ಕುಂಕುಮ, ಎಣ್ಣೆ, ಮಣ್ಣು ಅಂಟಿದ್ದರೆ ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ನೀರಿನಲ್ಲಿ ಒಂದು ದಿನ ನೆನೆಯಿಡಿ. ಜಿಡ್ಡು, ಗೋಂದು ಬಿಡದಿದ್ದರೆ ಶುದ್ಧ ಅಸಿಟೋನ್. ಅದು ಲೋಹವನ್ನು ಮುಟ್ಟುವುದಿಲ್ಲ, ಆದರೆ ಬೆಂಕಿಯಿಂದ ದೂರ, ಕಿಟಕಿ ತೆರೆದು ಬಳಸಿ. ಮೆತ್ತನೆಯ ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ, ಒರೆಸಬೇಡಿ. ಅಂಚು ಹಿಡಿದೇ ಎತ್ತಿ, ಬೆವರಿನ ಉಪ್ಪು ಲೋಹಕ್ಕೆ ಶತ್ರು. ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಅದು ಬಿಡುವ ಕ್ಲೋರಿನ್ ಅಂಶದಿಂದ ಹಸಿರು ಲೋಳೆ ಏಳುತ್ತದೆ. ಪೂಜೆಗೆ ಒಂದು ಸಾದಾ ರೂಪಾಯಿಯನ್ನು ಮೀಸಲಿಟ್ಟು ಉಳಿದವನ್ನು ಮುಟ್ಟದಿರುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ.

ಬೆಲೆ ನಿಲ್ಲುವುದು ಬೆಳ್ಳಿ, ಅಪರೂಪ, ಸ್ಥಿತಿ ಈ ಮೂರರ ಮೇಲೆ. ಹಳೆಯದೆಲ್ಲ ಅಪರೂಪವಲ್ಲ. 1840ರ ಇಸವಿಯನ್ನೇ 1861ರವರೆಗೆ, 1862ರ ಇಸವಿಯನ್ನೇ 1874ರವರೆಗೆ ಅಚ್ಚು ಹಾಕಿದರು, ಅವು ಬೇಕಾದಷ್ಟಿವೆ. ಬದಲಿಗೆ ಅವಕ್ಕಿಂತ ಎಷ್ಟೋ ಈಚಿನ 1939ರ ರೂಪಾಯಿ ದುರ್ಲಭ. ಅದಕ್ಕೇ 1938ರ ಎಂಟನ್ನು ಒಂಬತ್ತಾಗಿ ತಿದ್ದಿದವೂ ತಿರುಗುತ್ತಿವೆ, ಆ ಅಂಕಿಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ಸರಕ್ಕೋ ಲಂಬಾಣಿ ಒಡವೆಗೋ ಕೊಂಡಿ ಬೆಸೆದ ನಾಣ್ಯಕ್ಕೆ ನಾಣ್ಯದ ಬೆಲೆ ಹೋಗಿ ಬೆಳ್ಳಿಯ ಬೆಲೆ ಉಳಿಯುತ್ತದೆ. ಒಡವೆಯಾಗಿ ಅದರ ಬೆಲೆಯೇ ಬೇರೆ, ಕೊಂಡಿ ಕೀಳಿಸಬೇಡಿ.

ರಾಮ, ಹನುಮಂತರ ಚಿತ್ರದೊಡನೆ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದ ತಾಮ್ರದ ಬಿಲ್ಲೆಗಳು ಹಣವೇ ಅಲ್ಲ, ಈಚೆಗೆ ಮಾಡಿ ಮಾರಿದವು. ಅವು ಅಕ್ಕಿ ಎಳೆಯುತ್ತವೆ, ಒಳಗೆ ಇರಿಡಿಯಂ ಇದೆ ಎನ್ನುವ ‘ರೈಸ್ ಪುಲ್ಲಿಂಗ್’ ಆಟ ಶುದ್ಧ ಮೋಸ. ಅಕ್ಕಿಯೂ ತಾಮ್ರವೂ ಅಯಸ್ಕಾಂತಕ್ಕೆ ಸೋಲುವ ವಸ್ತುಗಳಲ್ಲ. ಸೋಲುವುದು ಅಕ್ಕಿಗೆ ಮೊದಲೇ ಸವರಿದ ಕಬ್ಬಿಣದ ಪುಡಿ.

ಕಾನೂನಿನ ಮಾತು ಎರಡು. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ, ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಹೊಲದಲ್ಲೋ ಪಾಯ ತೋಡುವಾಗಲೋ ಸಿಕ್ಕಿದ್ದು ಮನೆಯ ಗಂಟಲ್ಲ, ನಿಧಿ, ಜಿಲ್ಲಾಡಳಿತಕ್ಕೆ ತಿಳಿಸಬೇಕು. ಇನ್ನು ನಿಮ್ಮ ರಾಣಿ ಛಾಪಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಫೋನ್ ಬಂದರೆ ಇಟ್ಟುಬಿಡಿ. ತನ್ನ ಹೆಸರು ಹೇಳಿಕೊಂಡು ಹೀಗೆ ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಹಳೆ ನಾಣ್ಯ ಕೊಳ್ಳಲು ಆ ಬ್ಯಾಂಕ್ ಯಾರನ್ನೂ ನೇಮಿಸಿಲ್ಲ.