ಬೊಮ್ಮಕ್ಕನ ಮೂಗು ಯಾವ ಕಡೆ ವಾಲಿದೆ?

ಬೊಮ್ಮಕ್ಕನ ಎತ್ತರ ನಾಲ್ಕೂಕಾಲು ಅಡಿ. ಎಡಗಿವಿಯ ತುದಿ ಹರಿದಿದೆ. ಮೂಗು ಒಮ್ಮೆ ಮುರಿದು ತಾನಾಗಿಯೇ ಕೂಡಿಕೊಂಡದ್ದರಿಂದ ಬಲಕ್ಕೆ ವಾಲಿದೆ. ಜಡೆಯನ್ನು ತಾಮ್ರದ ತಂತಿಯಿಂದ ಕಟ್ಟುತ್ತಾಳೆ, ಯಾಕೆಂದರೆ ದಾರವಾದರೆ ಕುಲುಮೆಯ ಕಿಡಿಗೆ ಸುಟ್ಟುಹೋಗುತ್ತದೆ. ಇದೆಲ್ಲ ನನಗೆ ಬಾಯಿಪಾಠ. ಆದರೆ ಬೊಮ್ಮಕ್ಕನಾಗಿ ಆಡುವ ಹುಬ್ಬಳ್ಳಿಯ ಗೆಳತಿಯ ಮುಖವನ್ನು ಮಾತ್ರ ನಾನು ಒಂದೂವರೆ ವರ್ಷ ನೋಡಿರಲಿಲ್ಲ.

ಬೊಮ್ಮಕ್ಕ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟದ ಒಂದು ಪಾತ್ರ. ಕುಲದಲ್ಲಿ ಡ್ವಾರ್ಫ್, ಕಸುಬಿನಲ್ಲಿ ಕಮ್ಮಾರಳು, ಸಿಟ್ಟು ಬಂದರೆ ಕೈಯಲ್ಲಿ ಕೊಡಲಿ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಈ ಆಟಕ್ಕೆ ಕಂಪ್ಯೂಟರ್ ಬೇಕೆಂದೇನಿಲ್ಲ. ಕಾಗದ, ಪೆನ್ಸಿಲ್, ಇಪ್ಪತ್ತು ಮುಖದ ದಾಳ, ಮಾತಾಡಲು ಬಾಯಿ ಇದ್ದರೆ ಸಾಕು. ಒಬ್ಬರು ಡಂಜನ್ ಮಾಸ್ಟರ್ ಆಗಿ ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರವಾಗುತ್ತಾರೆ. ‘ನಾನು ಬಾಗಿಲು ಒದೆಯುತ್ತೇನೆ’ ಎಂದರೆ ದಾಳ ಉರುಳಿಸಬೇಕು. ಬಾಗಿಲು ಮುರಿಯಿತೋ ಕಾಲು ಮುರಿಯಿತೋ ದಾಳವೇ ಹೇಳುತ್ತದೆ. ನಮ್ಮದು ಐದು ಜನರ ತಂಡ. ಹುಬ್ಬಳ್ಳಿಯಲ್ಲೊಬ್ಬಳು, ಕುಂದಾಪುರದಲ್ಲೊಬ್ಬ, ಬೆಂಗಳೂರಿನ ಪಿಜಿಗಳಲ್ಲಿ ಮೂವರು. ಭಾನುವಾರ ರಾತ್ರಿ ಊಟ ಮುಗಿಸಿ ವಾಯ್ಸ್ ಕಾಲ್‌ಗೆ ಕೂರುತ್ತೇವೆ. ಕ್ಯಾಮೆರಾ ಆನ್ ಮಾಡುವುದಿಲ್ಲ. ಕುಂದಾಪುರದವನ ನೆಟ್‌ವರ್ಕ್ ಅದನ್ನು ತಡೆಯುವುದಿಲ್ಲ.

‘ಇದು ಆಟವೋ ನಾಟಕವೋ?’ ಎಂದು ಕೇಳುವವರಿಗೆ ನಾನು ತಾಳಮದ್ದಳೆಯ ಉದಾಹರಣೆ ಕೊಡುತ್ತೇನೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ, ಶಾಲಿನಲ್ಲಿ ಕುಳಿತ ಅರ್ಥಧಾರಿ ಬರೀ ಮಾತಿನಲ್ಲೇ ಕರ್ಣನಾಗುತ್ತಾನೆ. ಕೇಳುವವರು ತಮ್ಮ ತಮ್ಮ ಕರ್ಣನನ್ನು ಕಾಣುತ್ತಾರೆ. ನಮ್ಮ ಆಟವೂ ಹೆಚ್ಚುಕಡಿಮೆ ಹಾಗೆಯೇ. ಬೊಮ್ಮಕ್ಕ ಎಲ್ಲೂ ಕಾಣಿಸುವುದಿಲ್ಲ, ಕೇಳಿಸುತ್ತಾಳೆ ಅಷ್ಟೇ. ಐದು ಜನರ ತಲೆಯಲ್ಲಿ ಐದು ಬೊಮ್ಮಕ್ಕಂದಿರಿರುತ್ತಾರೆ. ಯಾರಾದರೂ ಚಿತ್ರ ಬರೆದು ಹಂಚಿಕೊಂಡ ಕೂಡಲೇ ಆ ಐವರೂ ಒಬ್ಬಳಾಗುತ್ತಾರೆ. ಚಿತ್ರ ಬರೆಯುವವರ ಜವಾಬ್ದಾರಿ ಶುರುವಾಗುವುದೂ ಅಲ್ಲಿಂದಲೇ.

ಕಂಪ್ಯೂಟರ್ ಆಟಗಳಲ್ಲಿ ಪಾತ್ರ ಕಣ್ಣೆದುರಿಗೇ ಇರುತ್ತದೆ. ‘ಫೈನಲ್ ಫ್ಯಾಂಟಸಿ 14’ರಂಥ ಆಟದಲ್ಲಿ ಕೂದಲು, ಕಣ್ಣು, ಗಲ್ಲ ಎಲ್ಲವನ್ನೂ ಆರಿಸಿಕೊಳ್ಳಬಹುದು. ಆದರೂ ಅಲ್ಲಿನ ಆಟಗಾರರು ತಮ್ಮ ಪಾತ್ರದ ಚಿತ್ರ ಬರೆಸಲು ಹಾತೊರೆಯುತ್ತಾರೆ. ಆಯ್ಕೆಗಳು ಎಷ್ಟೇ ಇದ್ದರೂ ನಮ್ಮಂಥದೇ ಮುಖ ಇನ್ನೆಲ್ಲೋ ಎದುರಾಗುತ್ತದೆ. ಪಾತ್ರ ನಿದ್ದೆಗಣ್ಣಿನಲ್ಲಿ ಹೇಗಿರುತ್ತದೆ, ಸೋತಾಗ ಹೇಗೆ ಕೂರುತ್ತದೆ ಎಂಬುದು ಆಟದಲ್ಲಿ ಸಿಗುವುದಿಲ್ಲ. ಅದನ್ನು ಚಿತ್ರವೇ ಕೊಡಬೇಕು.

ನಾನು ಬಳಸುವುದು ಪರದೆಯಿಲ್ಲದ ಸಣ್ಣ ಡ್ರಾಯಿಂಗ್ ಟ್ಯಾಬ್ಲೆಟ್ ಮತ್ತು ‘ಕೃತಾ’ ಎಂಬ ಉಚಿತ ತಂತ್ರಾಂಶ. ಚಿತ್ರಕ್ಕಿಂತ ಮೊದಲು ರೆಫರೆನ್ಸ್ ಶೀಟ್ ಆಗಬೇಕು: ಪಾತ್ರದ ಮುಂಭಾಗ, ಪಕ್ಕ, ಹಿಂಭಾಗ, ಚರ್ಮ ಮತ್ತು ಬಟ್ಟೆಯ ಬಣ್ಣಗಳ ಪಟ್ಟಿ, ಕೈಯಲ್ಲಿರುವ ಸಾಮಾನು. ಇದನ್ನು ಮಾಡುವಾಗ ಕೇಳುವ ಪ್ರಶ್ನೆಗಳೇ ನನಗಿಷ್ಟ. ‘ಎಡಗೈಯೋ ಬಲಗೈಯೋ?’ ‘ಚಪ್ಪಲಿ ಯಾರು ಹೊಲಿದದ್ದು?’ ‘ಈ ಗಾಯ ಮಾಡಿದವನು ಬದುಕಿದ್ದಾನಾ?’ ಎಷ್ಟೋ ಸಲ ಆಟಗಾರರಿಗೇ ಉತ್ತರ ಗೊತ್ತಿರುವುದಿಲ್ಲ. ಯೋಚಿಸಿ ಮರುದಿನ ಹೇಳುತ್ತಾರೆ. ಮುಂದಿನ ಭಾನುವಾರದ ಆಟದಲ್ಲಿ ಆ ಉತ್ತರ ಕಥೆಯಾಗಿ ಹೊರಬರುತ್ತದೆ. ಬೊಮ್ಮಕ್ಕನ ತಾಮ್ರದ ತಂತಿ ಬಂದದ್ದೇ ಹಾಗೆ. ‘ಜಡೆಗೆ ಏನು ಕಟ್ಟುತ್ತಾಳೆ?’ ಎಂದು ನಾನು ಕೇಳಿದ್ದೆ. ಎರಡು ತಿಂಗಳ ನಂತರ ಅದೇ ತಂತಿಯಿಂದ ಅವಳು ಸೆರೆಮನೆಯ ಬೀಗ ತೆಗೆದಳು.

ಹಂಚಿಕೊಳ್ಳುವುದಕ್ಕೂ ಬಗೆಬಗೆಯ ದಾರಿಗಳಿವೆ. ಉಡುಗೊರೆಯಾಗಿ ಬರೆದುಕೊಡುವುದು ಒಂದು. ‘ನಿನ್ನ ಪಾತ್ರ ನಾನು ಬರೆಯುತ್ತೇನೆ, ನನ್ನದು ನೀನು ಬರಿ’ ಎಂಬ ವಿನಿಮಯ ಇನ್ನೊಂದು. ಹಣ ಪಡೆದು ಬರೆದುಕೊಡುವುದು ಕಮಿಷನ್. ಇವಲ್ಲದೆ ಪ್ರತಿವರ್ಷ ಜುಲೈನಲ್ಲಿ ‘ಆರ್ಟ್ ಫೈಟ್’ ನಡೆಯುತ್ತದೆ. ಜಗತ್ತಿನ ಮೂಲೆಮೂಲೆಯ ಕಲಾವಿದರು ಎರಡು ಪಂಗಡವಾಗಿ, ಎದುರಾಳಿಗಳ ಪಾತ್ರಗಳ ಚಿತ್ರ ಬರೆದು ‘ದಾಳಿ’ ಮಾಡುತ್ತಾರೆ. ದಾಳಿಗೆ ಒಳಗಾದವರು ಕುಣಿದಾಡುತ್ತಾರೆ. ಇಂಥ ಯುದ್ಧ ಇನ್ನೆಲ್ಲಿ ಸಿಗುತ್ತದೆ ಹೇಳಿ!

ಇದರಿಂದ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ‘ಕ್ರಿಟಿಕಲ್ ರೋಲ್’ ನೋಡಬೇಕು. ಕಂಠದಾನ ಕಲಾವಿದರ ಗುಂಪೊಂದು 2015ರಲ್ಲಿ ತಮ್ಮ ಆಟವನ್ನು ನೇರಪ್ರಸಾರ ಮಾಡತೊಡಗಿತು. ಮೇಜಿನ ಸುತ್ತ ಕುಳಿತು ಮಾತಾಡುವವರನ್ನು ಗಂಟೆಗಟ್ಟಲೆ ನೋಡುವ ಕಾರ್ಯಕ್ರಮ ಅದು. ವಿರಾಮದ ವೇಳೆ ವೀಕ್ಷಕರು ಬರೆದ ಪಾತ್ರಗಳ ಚಿತ್ರಗಳನ್ನು ತೋರಿಸುತ್ತಿದ್ದರು. ಮುಂದೆ ಅಭಿಮಾನಿಗಳ ಚಿತ್ರಗಳದ್ದೇ ಪುಸ್ತಕವೂ ಬಂತು. 2019ರಲ್ಲಿ ಅನಿಮೇಷನ್ ಮಾಡುತ್ತೇವೆಂದು ಜನರಲ್ಲಿ ಹಣ ಕೇಳಿದಾಗ 1.1 ಕೋಟಿ ಡಾಲರ್‌ಗೂ ಹೆಚ್ಚು ಸಂಗ್ರಹವಾಯಿತು. ಅದೇ 2022ರಲ್ಲಿ ಪ್ರೈಮ್ ವಿಡಿಯೊದಲ್ಲಿ ಬಂದ ‘ದಿ ಲೆಜೆಂಡ್ ಆಫ್ ವಾಕ್ಸ್ ಮಾಕಿನಾ’. ಪರದೆಯ ಮೇಲೆ ಅನಿಮೇಷನ್ ಮೂಡುವ ಎಷ್ಟೋ ವರ್ಷ ಮೊದಲೇ ಆ ಪಾತ್ರಗಳಿಗೆ ಸಾವಿರಾರು ಜನ ಮುಖ ಕೊಟ್ಟಿದ್ದರು.

ನನಗೆ ಮಾತ್ರ ಅದಕ್ಕಿಂತ ಹೆಚ್ಚು ನೆನಪಾಗುವುದು ನಾರ್ವೆಯ ಮ್ಯಾಟ್ಸ್ ಸ್ಟೀನ್. ಸ್ನಾಯುಗಳು ಕ್ಷೀಣಿಸುವ ಡುಶೇನ್ ಕಾಯಿಲೆಯಿಂದ ಗಾಲಿಕುರ್ಚಿಯಲ್ಲಿದ್ದ ಅವನು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ಐಬೆಲಿನ್ ಎಂಬ ಗಟ್ಟಿಮುಟ್ಟಾದ ಪತ್ತೇದಾರನಾಗಿದ್ದ, ದಿನವೂ ಓಡುತ್ತಿದ್ದ. 2014ರಲ್ಲಿ, 25ನೇ ವಯಸ್ಸಿನಲ್ಲಿ ತೀರಿಕೊಂಡ. ಮಗನಿಗೆ ಗೆಳೆಯರೇ ಇರಲಿಲ್ಲ ಎಂದು ಕೊರಗುತ್ತಿದ್ದ ತಂದೆ–ತಾಯಿಗೆ, ಅವನ ಸಾವಿನ ಸುದ್ದಿ ತಿಳಿದ ಮೇಲೆ ಯುರೋಪಿನ ನಾನಾ ಕಡೆಗಳಿಂದ ಪತ್ರಗಳು ಬಂದವು. ನೆದರ್ಲೆಂಡ್ಸ್‌ನ ಗೆಳತಿಯೊಬ್ಬಳು ತನ್ನ ಪಾತ್ರ ಮತ್ತು ಐಬೆಲಿನ್ ಅಪ್ಪಿಕೊಂಡಿರುವ ಚಿತ್ರವನ್ನು ಬರೆದು ಅವನಿಗೆ ಕಳುಹಿಸಿದ್ದಳು. ಬೆಂಜಮಿನ್ ರೀ 2024ರಲ್ಲಿ ಅವನ ಕುರಿತು ಮಾಡಿದ ಸಾಕ್ಷ್ಯಚಿತ್ರ ನೋಡಿದ ಮೇಲೆ, ಆ ಚಿತ್ರ ಚೆನ್ನಾಗಿ ಬರೆದದ್ದೋ ಅಲ್ಲವೋ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಇನ್ನು ಬೊಮ್ಮಕ್ಕನ ವಿಷಯಕ್ಕೆ ಬರುತ್ತೇನೆ. ನಾನು ಬರೆದ ಬೊಮ್ಮಕ್ಕ ನಮ್ಮ ದೊಡ್ಡ ಬಳಗದಲ್ಲಿ ಓಡಾಡತೊಡಗಿದಳು. ಆಗ ಪರಿಚಯವಿಲ್ಲದ ಕಲಾವಿದನೊಬ್ಬ ತನ್ನದೇ ಬೊಮ್ಮಕ್ಕನನ್ನು ಬರೆದು ಹಾಕಿದ. ಕೈ ಪಳಗಿದವನು, ಅದರಲ್ಲಿ ಎರಡು ಮಾತಿಲ್ಲ. ಬೆಳಕು, ನೆರಳು, ಲೋಹದ ಹೊಳಪು ಎಲ್ಲ ಸೊಗಸಾಗಿತ್ತು. ಆದರೆ ಮೂಗು ನೆಟ್ಟಗಾಗಿತ್ತು, ಸೊಂಟ ಮುಷ್ಟಿಯಷ್ಟಾಗಿತ್ತು, ಕವಚದಲ್ಲಿ ಕಬ್ಬಿಣಕ್ಕಿಂತ ಖಾಲಿ ಜಾಗವೇ ಹೆಚ್ಚಿತ್ತು. ಕೆಳಗೆ ಸಾಲು ಸಾಲು ‘ಸೂಪರ್’, ‘ಬೆಂಕಿ’.

‘ಅಲ್ಲಾ, ನಮ್ಮ ಬೊಮ್ಮಕ್ಕಗ ಇಷ್ಟ್ ಸಣ್ಣ ನಡ ಎಲ್ಲಿಂದ ಬಂತು? ಆಕಿ ಕುಲುಮಿಗೆ ಹೊಂಟಾಳೋ, ಫೋಟೊ ಶೂಟಿಗೋ?’ ಎಂದಳು ಗೆಳತಿ. ಹೇಳುವಾಗ ದನಿಯಲ್ಲಿ ತಮಾಷೆಯಿತ್ತು. ಮುಂದಿನ ಮೂರು ಭಾನುವಾರ ಅವಳು ಆಟಕ್ಕೆ ಬರಲಿಲ್ಲ.

‘ಇಲ್ಲದ ಹೆಂಗಸಿನ ಚಿತ್ರ ಬರೆದರೆ ಯಾರಿಗೇನು ನಷ್ಟ? ಕಲಾವಿದನಿಗೆ ಅಷ್ಟೂ ಸ್ವಾತಂತ್ರ್ಯ ಬೇಡವೇ?’ ಎಂಬುದು ಆತನ ವಾದ. ಬಳಗದ ಅರ್ಧ ಜನ ಅವನ ಪರ. ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಸಿನಿಮಾದ ನಾಯಕನನ್ನೋ ಕಾದಂಬರಿಯ ನಾಯಕಿಯನ್ನೋ ಬರೆಯಲು ನಾವು ಯಾರನ್ನೂ ಕೇಳುವುದಿಲ್ಲ. ಆದರೆ ಆಟಗಾರರ ಪಾತ್ರ ಹಾಗಲ್ಲ. ಅದರೊಳಗೆ ಒಬ್ಬರು ಇನ್ನೂ ಕುಳಿತಿರುತ್ತಾರೆ, ವಾರಕ್ಕೊಮ್ಮೆ ‘ನಾನು’ ಎಂದು ಆ ಪಾತ್ರದ ಬಾಯಿಯಿಂದ ಮಾತಾಡುತ್ತಿರುತ್ತಾರೆ.

ನಾಲ್ಕನೇ ವಾರ ಅವಳೇ ಫೋನ್ ಮಾಡಿದಳು, ಮೊದಲ ಸಲ ವಿಡಿಯೊ ಕಾಲ್. ಅವಳ ಮೂಗು ಬಲಕ್ಕೆ ಕೊಂಚ ವಾಲಿತ್ತು. ಚಿಕ್ಕವಳಿದ್ದಾಗ ಅಟ್ಟದ ಏಣಿಯಿಂದ ಬಿದ್ದದ್ದಂತೆ. ಪಿಯುಸಿಯಲ್ಲಿ ಅದಕ್ಕೊಂದು ಅಡ್ಡಹೆಸರು ಇಟ್ಟಿದ್ದರಂತೆ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ‘ಬೊಮ್ಮಕ್ಕನ ಮೂಗು ನೋಡಿ ಯಾರೂ ನಗಂಗಿಲ್ಲ. ನಕ್ಕರ ಆಕಿ ಬಿಡಂಗಿಲ್ಲ’ ಎಂದಳು. ಅಷ್ಟೇ ಹೇಳಿದ್ದು.

ಆಮೇಲೆ ಬಳಗದಲ್ಲಿ ಎರಡು ವಾರ ಜಟಾಪಟಿ ನಡೆದು ಒಂದು ಕಟ್ಟಳೆಯಾಯಿತು. ಬೇರೆಯವರ ಪಾತ್ರ ಬರೆಯುವ ಮೊದಲು ಒಂದು ಮಾತು ಕೇಳಬೇಕು. ರೆಫರೆನ್ಸ್ ಶೀಟ್‌ನ ಕೆಳಗೆ ‘ಇದನ್ನು ಬದಲಿಸಬೇಡಿ’ ಎಂಬ ಸಾಲು ಇರಬೇಕು. ಇಬ್ಬರು ಒಳ್ಳೆಯ ಕಲಾವಿದರು ಮುನಿಸಿಕೊಂಡು ಹೊರಟುಹೋದರು. ನನಗೆ ಬೇಸರವಾಯಿತು, ಆದರೆ ಕಟ್ಟಳೆ ಸರಿಯೆಂದೇ ಈಗಲೂ ಅನಿಸುತ್ತದೆ.

ಕಾನೂನಿನ ಮಾತು ಬೇರೆ. ಹಣ ಪಡೆದು ಚಿತ್ರ ಬರೆಯುವ ಗೆಳೆಯರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ, ಹಾಗಾಗಿ ಹೇಳುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಬರೆದವರೇ ಕೃತಿಯ ಮೊದಲ ಒಡೆಯರು. ಆದರೆ 17ನೇ ಸೆಕ್ಷನ್‌ನಲ್ಲಿ ಒಂದು ಕೊಂಡಿಯಿದೆ. ಹಣ ಕೊಟ್ಟು ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಹೋಗುತ್ತದೆ. ಆದ್ದರಿಂದ ಐನೂರು ರೂಪಾಯಿಯ ಕೆಲಸವಾದರೂ ‘ಚಿತ್ರವನ್ನು ನನ್ನ ಪೋರ್ಟ್‌ಫೋಲಿಯೊದಲ್ಲಿ ಬಳಸುತ್ತೇನೆ, ಮುದ್ರಿಸಿ ಮಾರುವುದಾದರೆ ಮತ್ತೆ ಮಾತಾಡಬೇಕು’ ಎಂದು ಬರಹದಲ್ಲಿ ಒಪ್ಪಿಸಿಕೊಳ್ಳಿ. ಅರ್ಧ ಹಣ ಮೊದಲೇ ಪಡೆಯಿರಿ. ‘ಇದು ನಾನು ಬರೆದದ್ದು’ ಎಂದು ಹೇಳಿಕೊಳ್ಳುವ ಹಕ್ಕು ಮಾತ್ರ, 57ನೇ ಸೆಕ್ಷನ್ ಪ್ರಕಾರ, ಕೃತಿಸ್ವಾಮ್ಯ ಮಾರಿದ ಮೇಲೂ ನಿಮ್ಮದೇ.

ಎಐ ಬಗ್ಗೆ ಎಲ್ಲರೂ ಕೇಳುತ್ತಾರೆ. 2022ರ ಡಿಸೆಂಬರ್‌ನಲ್ಲಿ ‘ಆರ್ಟ್‌ಸ್ಟೇಷನ್’ ತಾಣದ ಕಲಾವಿದರು ಎಐ ವಿರುದ್ಧ ಪ್ರತಿಭಟಿಸಿದ್ದರು. 2023ರಲ್ಲಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ನ ಪುಸ್ತಕವೊಂದರ ಚಿತ್ರಗಳಿಗೇ ಎಐ ಬಳಸಿದ್ದು ಓದುಗರ ಕಣ್ಣಿಗೆ ಬಿದ್ದು, ಪ್ರಕಾಶಕರು ತಮ್ಮ ಕಲಾವಿದರಿಗೆ ಅದನ್ನು ಬಳಸದಂತೆ ಹೇಳಬೇಕಾಯಿತು. ನಮ್ಮ ತಂಡದ ಕುಂದಾಪುರದವನೂ ಒಂದು ರಾತ್ರಿ ಬೊಮ್ಮಕ್ಕನ ವಿವರಗಳನ್ನೆಲ್ಲ ಎಐಗೆ ಉಣಿಸಿ ನೋಡಿದ. ಅರ್ಧ ನಿಮಿಷದಲ್ಲಿ ನಾಲ್ಕು ಚಿತ್ರ ಬಂದವು, ಬೆರಳುಗಳೆಲ್ಲ ಸರಿಯಾಗಿಯೇ ಇದ್ದವು. ನಾಲ್ಕರಲ್ಲೂ ಮೂಗು ನೆಟ್ಟಗಿತ್ತು. ‘ಮುರಿದ ಮೂಗು’ ಎಂದು ಒತ್ತಿ ಹೇಳಿದ್ದಕ್ಕೆ ಮೂಗಿನ ಮೇಲೆ ರಕ್ತ ಬಂತು. ನಾಳೆ ಅದೂ ಸರಿಹೋಗಬಹುದು, ನಾನು ಪಂಥ ಕಟ್ಟುವುದಿಲ್ಲ. ಆದರೆ ಎಐ ಯಾವತ್ತೂ ‘ಜಡೆಗೆ ಏನು ಕಟ್ಟುತ್ತಾಳೆ?’ ಎಂದು ತಾನಾಗಿ ಕೇಳಲಿಲ್ಲ.

ಇದರಿಂದ ಹೊಟ್ಟೆ ತುಂಬುತ್ತದೆಯೇ? ನನಗಂತೂ ಇನ್ನೂ ತುಂಬಿಲ್ಲ. ಕಮಿಷನ್ ಹಣದಲ್ಲಿ ಪಿಜಿ ಬಾಡಿಗೆ ಕೆಲವು ತಿಂಗಳು ಹುಟ್ಟುತ್ತದೆ, ಕೆಲವು ತಿಂಗಳು ಇಲ್ಲ. ಕರ್ನಾಟಕ 2012ರಲ್ಲೇ ಅನಿಮೇಷನ್, ಗೇಮಿಂಗ್ ವಲಯಕ್ಕೆ ಪ್ರತ್ಯೇಕ ನೀತಿ ತಂದ ರಾಜ್ಯ ನಿಜ. ಆದರೆ 2025ರ ಆರಂಭದಲ್ಲಿ ಟೆಕ್ನಿಕಲರ್ ಕುಸಿದಾಗ ಬೆಂಗಳೂರಿನಲ್ಲೂ ನುರಿತ ಕಲಾವಿದರು ಒಮ್ಮೆಲೇ ಬೀದಿಗೆ ಬಂದರು. ಈಗ ಒಂದು ಕೆಲಸಕ್ಕೆ ಅವರ ಜೊತೆಗೇ ನಾವೂ ಸಾಲಿನಲ್ಲಿ ನಿಂತಿದ್ದೇವೆ. ಹಾಗಿದ್ದೂ ಕಳೆದ ಸಂದರ್ಶನದಲ್ಲಿ ಅವರು ಹೆಚ್ಚು ಹೊತ್ತು ನೋಡಿದ್ದು ನನ್ನ ದೊಡ್ಡ ವರ್ಣಚಿತ್ರಗಳನ್ನಲ್ಲ, ಬೊಮ್ಮಕ್ಕನ ರೆಫರೆನ್ಸ್ ಶೀಟನ್ನು. ‘ಎಷ್ಟು ಸಲ ತಿದ್ದಿದೆ?’ ಎಂದು ಕೇಳಿದರು. ಹದಿನಾಲ್ಕು ಎಂದೆ. ಪ್ರತಿ ತಿದ್ದುಪಡಿ ಯಾಕೆ ಬಂತೆಂದು ಹೇಳುವಷ್ಟರಲ್ಲಿ ನನ್ನ ಸಮಯ ಮುಗಿದಿತ್ತು. ಮೂರು ತಿಂಗಳ ಟ್ರಯಲ್‌ಗೆ ಕರೆದಿದ್ದಾರೆ, ಮುಂದಿನದು ಗೊತ್ತಿಲ್ಲ.

ಸದ್ಯ ಕೈಯಲ್ಲಿರುವ ಕೆಲಸವೂ ಬೊಮ್ಮಕ್ಕನದೇ. ಗೆಳತಿಯ ಮದುವೆ ನಿಶ್ಚಯವಾಗಿದೆ. ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬೊಮ್ಮಕ್ಕ ಇರಬೇಕೆಂದು ಹಟ ಹಿಡಿದಿದ್ದಾಳೆ. ‘ಈಕಿ ಯಾರವಾ, ನಮ್ಮ ಪೈಕಿನಾ?’ ಎಂದು ಅವಳ ಅಜ್ಜಿ ಕೇಳಿದರಂತೆ. ಶುಭಕಾರ್ಯದ ಪತ್ರಿಕೆಯಲ್ಲಿ ಕೊಡಲಿ ಬೇಡ, ಕೈಗೊಂದು ಹೂವು ಕೊಡಿ ಎಂಬುದು ಮನೆಯವರ ಬೇಡಿಕೆ. ಕೊಡಲಿ ಇರಲೇಬೇಕೆಂಬುದು ಗೆಳತಿಯ ಪಟ್ಟು. ಕೊಡಲಿಯ ಹಿಡಿಗೆ ಮಲ್ಲಿಗೆ ಮಾಲೆ ಸುತ್ತಿ ಎರಡನೇ ಸ್ಕೆಚ್ ಕಳುಹಿಸಿದ್ದೇನೆ. ಪ್ರೆಸ್‌ನವರಿಗೆ ಶುಕ್ರವಾರದೊಳಗೆ ಫೈಲ್ ಬೇಕು, ಹುಬ್ಬಳ್ಳಿಯಿಂದ ಇನ್ನೂ ಉತ್ತರ ಬಂದಿಲ್ಲ.