ಧ್ವನಿವರ್ಧಕವೂ ಬಿಂದುಮೂಲವೂ

ನಿಶ್ಚಲವಾದ ಕೊಳಕ್ಕೆ ಕಲ್ಲೊಂದನ್ನು ಎಸೆದರೆ ಅಲೆಗಳು ಉಂಗುರದಂತೆ ಎಲ್ಲ ದಿಕ್ಕಿಗೂ ಸಮವಾಗಿ ಹರಡುತ್ತವೆ. ಹಾಗೆಯೇ, ಒಂದೇ ಬಿಂದುವಿನಿಂದ ಎಲ್ಲ ಕಡೆಗೂ ಸಮವಾಗಿ ಧ್ವನಿಯನ್ನು ಬೀರುವ ಆಕರಕ್ಕೆ ಬಿಂದುಮೂಲವೆಂದು ಹೆಸರು. ಧ್ವನಿವರ್ಧಕವು ಇಂತಹುದಾಗಿದ್ದರೆ, ಸಭಾಭವನದ ನಡುವೆ ಕುಳಿತವರಿಗೂ ಅಂಚಿನಲ್ಲಿ ಕುಳಿತವರಿಗೂ ಮಾತು ಒಂದೇ ತೆರನಾಗಿ ಕೇಳಿಸೀತು.

ಆದರೆ ಧ್ವನಿವರ್ಧಕದ ಡ್ರೈವರ್, ಎಂದರೆ ವಿದ್ಯುತ್ತಿನಿಂದ ಕಂಪಿಸಿ ಗಾಳಿಯನ್ನು ನೂಕುವ ಶಂಕು, ಬಿಂದುವಲ್ಲ. ಅದು ಬಿಂದುವಿನಂತೆ ವರ್ತಿಸಬೇಕಾದರೆ ಅದರ ವ್ಯಾಸವು ಧ್ವನಿಯ ತರಂಗದೂರಕ್ಕಿಂತ ಬಹಳ ಕಿರಿದಾಗಿರಬೇಕು. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರ್. ಆದುದರಿಂದ ಸೆಕೆಂಡಿಗೆ ೧೦೦ ಕಂಪನಗಳ ಮಂದ್ರಧ್ವನಿಯ ತರಂಗದೂರ ೩.೪ ಮೀಟರ್, ೧೦,೦೦೦ ಕಂಪನಗಳ ತಾರಧ್ವನಿಯದು ಕೇವಲ ೩.೪ ಸೆಂಟಿಮೀಟರ್. ೨೦ ಸೆಂಟಿಮೀಟರ್ ವ್ಯಾಸದ ಶಂಕು ಮೊದಲನೆಯದರ ಮಟ್ಟಿಗೆ ಬಿಂದುವೇ ಸರಿ. ಎರಡನೆಯದನ್ನಾದರೋ ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಬೀರುತ್ತದೆ. 'ಸ' ಮತ್ತು 'ಶ'ಗಳ ಭೇದ ಅಡಗಿರುವುದು ಮೇಲಿನ ಕಂಪನಗಳಲ್ಲಿ. ಅವು ಕುಗ್ಗಿ, ಬದಿಯಲ್ಲಿರುವವರಿಗೆ 'ಸಕಲ'ವು 'ಶಕಲ'ವೆಂದು ಕೇಳಿಸಿದರೆ ಇಡಿಯೇ ಚೂರಾದಂತಲ್ಲವೆ?

ಹಾಗಾದರೆ ಚಿಕ್ಕ ಶಂಕುವನ್ನೇ ಏಕೆ ಆರಿಸಬಾರದು? ವ್ಯಾಸ ಅರ್ಧವಾದರೆ, ಅಷ್ಟೇ ಗಾಳಿಯನ್ನು ನೂಕಲು ಶಂಕು ನಾಲ್ಕು ಪಟ್ಟು ದೂರ ಚಲಿಸಬೇಕು. ಕಂಪನಸಂಖ್ಯೆ ಅರ್ಧವಾದರೆ, ಅಷ್ಟೇ ಗಟ್ಟಿಯಾದ ಧ್ವನಿಗೆ ಮತ್ತೆ ನಾಲ್ಕು ಪಟ್ಟು! ಪುಟ್ಟ ಶಂಕುವಿಗೆ ಇದು ಮೀರಿದ ಕೆಲಸ. ಆದುದರಿಂದ ಮಂದ್ರಕ್ಕೆ ದೊಡ್ಡದು, ತಾರಕ್ಕೆ ಚಿಕ್ಕದು ಎಂದು ಎರಡು ಡ್ರೈವರುಗಳನ್ನು ಜೋಡಿಸುವುದು ವಾಡಿಕೆ. ಆದರೆ ಒಂದರ ಮೇಲೊಂದನ್ನು ಇಟ್ಟಾಗ ಮೂಲಗಳು ಎರಡಾದುವು. ಎರಡೂ ಕೂಡಿ ನುಡಿಯುವ ಕಂಪನಗಳಲ್ಲಿ, ಕೇಳುವವರಿಂದ ಅವುಗಳಿಗಿರುವ ದೂರದ ವ್ಯತ್ಯಾಸವು ಅರ್ಧ ತರಂಗದೂರವಾದೆಡೆ, ಒಟ್ಟಿಗೆ ಹೊರಟ ಅಲೆಗಳು ಒಂದನ್ನೊಂದು ಅಳಿಸಿಬಿಡುತ್ತವೆ.

ಎರಡಕ್ಕೂ ಒಂದೇ ಕೇಂದ್ರವನ್ನು ಕೊಡುವುದೇ ಇದಕ್ಕೆ ಪರಿಹಾರ. ೧೯೪೭ರಲ್ಲಿ ಬ್ರಿಟನ್ನಿನ ಟ್ಯಾನಾಯ್ ಸಂಸ್ಥೆಯು ದೊಡ್ಡ ಶಂಕುವಿನ ನಡುವಿನಿಂದಲೇ ತಾರಧ್ವನಿ ಹೊರಡುವಂತೆ ಮಾಡಿತು. ೧೯೮೮ರಲ್ಲಿ ಕೆಇಎಫ್ ಸಂಸ್ಥೆಯು ಬಲವಾದ ನಿಯೋಡಿಮಿಯಮ್ ಕಾಂತದ ನೆರವಿನಿಂದ ಚಿಕ್ಕ ಡ್ರೈವರನ್ನೇ ಶಂಕುವಿನ ಕೊರಳಲ್ಲಿ ಕೂಡಿಸಿತು. ಇಲ್ಲಿಯೂ ಒಂದು ತೊಡಕುಂಟು: ಸುತ್ತಲಿನ ಶಂಕುವೇ ತಾರಧ್ವನಿಗೆ ಕಹಳೆಯ ಬಾಯಿಯಾಗುವುದರಿಂದ, ಅದು ಬಹಳವಾಗಿ ಚಲಿಸಿದಾಗ ತಾರಧ್ವನಿ ಕದಡುತ್ತದೆ. ಆದ್ದರಿಂದ ಅತಿಮಂದ್ರದ ಭಾರವನ್ನು ಬೇರೊಂದು ದೊಡ್ಡ ಡ್ರೈವರಿಗೆ ವಹಿಸುವುದುಂಟು. ಅಲ್ಲಿ ತರಂಗದೂರವೇ ಹಲವು ಮೀಟರುಗಳಾದುದರಿಂದ ತುಸು ಅಂತರವಿದ್ದರೂ ಬಾಧಕವಿಲ್ಲ.

ಧ್ವನಿವರ್ಧಕವನ್ನು ಕೊಳ್ಳುವವರು ಅದರ ಗಾತ್ರವನ್ನೂ ವ್ಯಾಟುಗಳನ್ನೂ ವಿಚಾರಿಸುವ ಮೊದಲು, ಅದು ಮಾತನಾಡುತ್ತಿರುವಾಗ ಎದುರಿನಿಂದ ಬದಿಗೆ ನಾಲ್ಕು ಹೆಜ್ಜೆ ನಡೆದು ನೋಡಲಿ. ಮಾತು ಮಸುಕಾಗದಿದ್ದರೆ, ಅದು ಬಿಂದುಮೂಲಕ್ಕೆ ಸಮೀಪವಾದುದೆಂದು ತಿಳಿಯಬಹುದು.